ನಲವತ್ತೊಂದು ತಪ್ಪು

ತಂದೆ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಆಲ್ಬಮ್ಮಿನ ಹೊದಿಕೆಯ ಕರಡಿನಲ್ಲಿದ್ದ ಮಗನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು.

“ಡ್ರಮ್ಸ್ ಬಾರಿಸಿದವನು ಇವನಲ್ಲ” ಎಂದರು.

ಸ್ಟುಡಿಯೋದ ಕಿರುಕೋಣೆಯಲ್ಲಿ ಅವರೆದುರು ಮೂವರಿದ್ದರು. ಹಾಡುಗಾರ ಗೋಡೆಯ ಗಡಿಯಾರ ನೋಡಿದ. ಒಂದೂವರೆ. ಎರಡು ಗಂಟೆಗೆ ಕರಡು ಅಚ್ಚಿಗೆ ಹೋಗಬೇಕು. ಮೂರು ದಿನದ ಜ್ವರದಲ್ಲಿ ಡ್ರಮ್ಸಿನವನಾಗಿದ್ದ ಆ ಮಗ ತೀರಿಕೊಂಡು ಎರಡು ತಿಂಗಳಾಗಿತ್ತು. ತಂದೆಯ ಸಹಿ ಬೀಳದೆ ಅವನ ಹೆಸರನ್ನಾಗಲಿ, ಅವನು ನುಡಿಸಿದ್ದನ್ನಾಗಲಿ ಕಂಪನಿ ಹೊರಗೆ ಬಿಡುವಂತಿರಲಿಲ್ಲ.

ವೇದಿಕೆಯ ಮೇಲೆ ಕಿವಿ ಹರಿಯುವಂತೆ ಅರಚುವ ಹಾಡುಗಾರನನ್ನು ಗೆಳೆಯರು ‘ಗುಡುಗು’ ಎಂದೇ ಕರೆಯುತ್ತಿದ್ದರು. ಈಗ ಅವನು ಮೆಲ್ಲಗೆ ಕೇಳಿದ. “ಹೀಗಂದ್ರೆ ಹೇಗೆ ಅಂಕಲ್? ಏಳು ಹಾಡೂ ಅವನೇ ಬಾರಿಸಿದ್ದು.”

“ನಿಮ್ಮ ಮೊದಲನೇ ಆಲ್ಬಮ್ ಕೇಳಿದೀನಪ್ಪ. ಡಬ್ಬದ ಅಂಗಡಿ ಮೆಟ್ಟಿಲ ಮೇಲಿಂದ ಉರುಳಿದ ಹಾಗಿತ್ತು. ಇದು ಹಾಗಿಲ್ಲ. ಆರನೇ ಹಾಡಲ್ಲಿ ಎಲ್ರೂ ಇದ್ದಕ್ಕಿದ್ದ ಹಾಗೆ ಸುಮ್ಮನಾಗ್ತೀರಿ. ಹನ್ನೊಂದು ಎಣಿಸೋವರೆಗೂ ಪಿಟ್ಟೆನ್ನೋಲ್ಲ. ಆಮೇಲೆ ಒಂದೇ ಒಂದು ಏಟು. ನನ್ನ ಎದೆ ಝಲ್ಲಂತು. ನನ್ನ ಮಗ ಹನ್ನೊಂದು ಎಣಿಸೋವರೆಗೆ ಕಾಯೋ ಜೀವ ಅಲ್ಲ. ಊಟಕ್ಕೆ ಕೂತರೆ ಬಡಿಸೋ ಮೊದಲೇ ಕೈ ಹಾಕ್ತಿದ್ದ.” ಅವರು ಕರಡನ್ನು ಹಾಡುಗಾರನ ಕಡೆಗೆ ಸರಿಸಿದರು. “ಯಾರೋ ಗಟ್ಟಿಗನನ್ನ ಕರೆಸಿದೀರಿ. ಕರೆಸಿ, ಬೇಡ ಅನ್ನಲ್ಲ. ನನ್ನ ಮೇಲೆ ಕನಿಕರ ಪಟ್ಟು ಇವನ ಹೆಸರು ಹಾಕಬೇಡಿ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಸುಳ್ಳಿನ ಕೆಳಗೆ ಸಹಿ ಹಾಕಿ ದೇವರಿಗೆ ಯಾವ ಮುಖ ತೋರಿಸಲಿ?”

“ಕನಿಕರವಾ?” ಬಾಸ್ ಗಿಟಾರಿನ ಹುಡುಗಿಗೆ ರೇಗಿತು. “ನಾವು ಸುಧಾರಿಸಿದ್ದೇ ಅವನಿಂದ ಅಂಕಲ್. ಯಾರು ಒಂಚೂರು ಜಾರಿದ್ರೂ ಕಡ್ಡಿ ಕೆಳಗಿಟ್ಟು ‘ಮತ್ತೆ’ ಅಂತಿದ್ದ. ಒಂದೇ ಹಾಡನ್ನ ಅರವತ್ತು ಸಲ. ಒಂದಿನ ಇವನು ಅತ್ತೇಬಿಟ್ಟ.”

“ಕಣ್ಣಿಗೆ ಧೂಳು ಬಿದ್ದಿತ್ತು” ಎಂದ ಗುಡುಗು.

ಯಂತ್ರದ ಮುಂದೆ ಕುಳಿತಿದ್ದ ರೆಕಾರ್ಡಿಂಗಿನವನು ಒಂದೊಂದು ವಾದ್ಯದ ದನಿಯ ಗುಂಡಿಗಳನ್ನೆಲ್ಲ ಕೆಳಗಿಳಿಸಿ, ಒಂದನ್ನು ಮಾತ್ರ ಮೇಲೆ ಉಳಿಸಿದ. “ಆರನೇದು. ಬರೀ ಡ್ರಮ್ಸ್. ಎಲ್ಲೂ ಕತ್ತರಿಸಿಲ್ಲ, ಕೇಳಿ ಸರ್.”

ಸ್ಪೀಕರಿನಲ್ಲಿ ಮೊದಲು ಸ್ಟೂಲು ಕಿರುಗುಟ್ಟಿತು. ಯಾರೋ ಗಂಟಲು ಸರಿಮಾಡಿಕೊಂಡರು. “ಒಂದು, ಎರಡು, ಮೂರು, ನಾಲ್ಕು.” ತಂದೆಯ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಬಡಿತ ಒಂದರ ಮೇಲೊಂದು ನುಗ್ಗಿ ಬಂದು, ತುಂಬಿದ ಕೋಣೆಯನ್ನು ಖಾಲಿ ಮಾಡಿದಂತೆ ನಿಂತಿತು. ಆ ಮೌನದೊಳಗೆ ಪಿಸುಮಾತು ಸ್ಪಷ್ಟವಾಗಿ ಕೇಳುತ್ತಿತ್ತು: “ಏಳು… ಎಂಟು… ಒಂಬತ್ತು…” ತಂದೆಯ ತುಟಿಗಳೂ ಆಡುತ್ತಿದ್ದವು. ಹನ್ನೊಂದಕ್ಕೆ ಸರಿಯಾಗಿ ಏಟು ಬಿತ್ತು.

“ಅವನೇ” ಎಂದರು ತಂದೆ. “ಯಾವಾಗ ಕಲಿತ? ನಾನು ತಪ್ಪು ತೋರಿಸಿದ ವಾರಾನೇ ಡ್ರಮ್ಸ್ ಮನೆಯಿಂದ ಹೊರಗೆ ಸಾಗಿಸಿದ. ಅಭ್ಯಾಸ ಬಿಟ್ಟ, ಇನ್ನು ಶೋಕಿಗೆ ತಿರುಗ್ತಾನೆ ಅಂದ್ಕೊಂಡಿದ್ದೆ.”

ಹುಡುಗಿ ಚೀಲದಿಂದ ಒಂದು ಹಾಳೆ ತೆಗೆದಳು. ನಾಲ್ಕು ಮೂಲೆಯಲ್ಲೂ ಅಂಟಿನ ಕಲೆ. “ಅಭ್ಯಾಸದ ಕೋಣೆಯಲ್ಲಿ ತನ್ನೆದುರಿಗೇ ಗೋಡೆಗೆ ಅಂಟಿಸ್ಕೊಂಡಿದ್ದ.”

ಅದು ಅವರದೇ ಕೆಂಪು ಬರವಣಿಗೆ. ಮೊದಲನೇ ಆಲ್ಬಮ್ ಕೇಳಿ, ಕರಡು ತಿದ್ದುವ ಹಾಗೆಯೇ ತಿದ್ದಿ, ಒಂದು ಒಳ್ಳೆಯ ಮಾತೂ ಸೇರಿಸದೆ ಮಗನ ಕೈಗೆ ಕೊಟ್ಟ ಪಟ್ಟಿ. ಯಾವ ಹಾಡು, ಎಷ್ಟನೇ ನಿಮಿಷ, ಏನು ತಪ್ಪು. ಒಟ್ಟು ನಲವತ್ತೊಂದು. ‘ಆತುರ’ ಎಂಬ ಪದವೇ ಇಪ್ಪತ್ತಾರು ಕಡೆ ಇತ್ತು. ಒಂದೊಂದರ ಮುಂದೆಯೂ ಮಗ ನೀಲಿ ಶಾಯಿಯಲ್ಲಿ ಒಂದೊಂದು ತಾರೀಕು ಬರೆದಿದ್ದ, ಆ ತಪ್ಪು ಸರಿಹೋದ ದಿನ. ತಂದೆ ಸಾಲಿನ ಕೆಳಗೆ ಬೆರಳಿಟ್ಟು ನಲವತ್ತೊಂದನ್ನೂ ಓದಿದರು. ಒಂದನ್ನೂ ಬಿಡಲಿಲ್ಲ.

ಆಮೇಲೆ ಕರಡನ್ನು ಹತ್ತಿರ ಎಳೆದುಕೊಂಡು, ಗೆರೆ ಬಿದ್ದ ಹೆಸರಿನ ಕೆಳಗೆ ಸಾಲಾಗಿ ಚುಕ್ಕೆ ಇಡತೊಡಗಿದರು.

“ಇದೇನು ಅಂಕಲ್ ಮತ್ತೆ?” ಗುಡುಗು ಗಾಬರಿಯಾದ.

“ಹೊಡೆದುಹಾಕಿದ್ದೇ ತಪ್ಪು, ಇದ್ದ ಹಾಗೇ ಇರಲಿ ಅಂತ. ಅಚ್ಚಿನವರಿಗೆ ಗೊತ್ತಾಗುತ್ತೆ.” ಸಹಿ ಮಾಡಿ ಕೊಟ್ಟರು. ಎರಡಕ್ಕೆ ಹತ್ತು ನಿಮಿಷವಿತ್ತು. ಗುಡುಗು ಕಾಗದ ಹಿಡಿದು ಓಡಿದ.

ತಂದೆ ಏಳಲಿಲ್ಲ. “ಅಭ್ಯಾಸಕ್ಕೆ ಯಾವ ಹೊತ್ತಿಗೆ ಬರ್ತಿದ್ದ?”

“ದಿನಾ ಬೆಳಿಗ್ಗೆ ಐದಕ್ಕೆ, ಒಬ್ಬನೇ. ಮನೇಲಿ ಕೆಲಸಕ್ಕೆ ಬೆಳಗಿನ ಪಾಳಿ ಅಂತ ಹೇಳ್ತಿದ್ನಂತೆ” ಎಂದಳು ಹುಡುಗಿ.

“ಐದಕ್ಕೆ ನಾನು ಪ್ರಾರ್ಥನೆಗೆ ಕೂರೋದು” ಎಂದರು ಅವರು. “ಕೊನೆಗೂ ಮನೆಯಲ್ಲಿ ಸದ್ದು ಅಡಗಿಸಿದೆಯಲ್ಲ ದೇವರೇ ಅಂತ ದಿನಾ ಕೈ ಮುಗೀತಿದ್ದೆ ಕಣಮ್ಮ.”