ಅವ್ವನ ಸೆರಗು

ದೇವಿಂದ್ರ ಕೊಳ್ಳಲೆಂದು ನೋಡುತ್ತಿದ್ದ ದೊಡ್ಡ ಮಿರರ್‌ಲೆಸ್ ಕ್ಯಾಮೆರಾ ಎತ್ತಿ ಹಿಡಿದದ್ದೇ ತಡ, ಕ್ಯಾಮೆರಾ ಅಂಗಡಿಯ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅವನ ಅವ್ವ ಮಲ್ಲಾಬಾಯಿ ತಲೆಯ ಮೇಲಿನ ಸೆರಗನ್ನು ಗದ್ದದವರೆಗೂ ಎಳೆದುಕೊಂಡು ಎದ್ದು ನಿಂತಳು.

“ಅವ್ವಾ, ನಾ ದೇವಿಂದ್ರ. ಸೆರಗು ಸರಸು.”

ಆಕೆ ಮಗಳು ರೇವತಿಯ ಕಿವಿಯಲ್ಲಿ ಪಿಸುಗುಟ್ಟಿದಳು. “ಮಾವಾರು ನಿಂತಾರ. ಮುಖ ಹೆಂಗ ತೋರಸ್ಲಿ?”

ರೇವತಿ ಅಣ್ಣನನ್ನು ನೋಡಲಾರದೆ ತಲೆ ತಗ್ಗಿಸಿದಳು. ಅವ್ವನಿಗೆ ಮರೆವು ಹತ್ತಿ ವರ್ಷವಾಗಿತ್ತು. ಅಜ್ಜನ ಮುಖವನ್ನೇ ಹೊತ್ತ ಮಗನಲ್ಲಿ ಆಕೆಗೆ ಈಗ ತೀರಿಹೋದ ಮಾವನೇ ಕಾಣುತ್ತಿದ್ದ.

ಅಂಗಡಿಯವನಿಗೆ ಇದೇನೂ ತಿಳಿಯಲಿಲ್ಲ. “ಎದುರಿಗೆ ಕುಂದ್ರಿಸಿ ಫೋಟೋ ತೆಗ್ಯಾಕ ಇದೇ ಛಲೋರಿ. ಆ ಸಣ್ಣ ಜೂಮ್ ಕ್ಯಾಮೆರಾ ದೂರದ್ದನ್ನ ಹತ್ರ ತರ್ತದ ಖರೆ, ಮುಖ ಇಷ್ಟು ಚೊಕ್ಕ ಬರಂಗಿಲ್ಲ,” ಎಂದ.

ದೇವಿಂದ್ರ ನೋಡಿ ಬರುವೆನೆಂದು ಹೇಳಿ, ಮೇಜಿನ ಮೇಲಿದ್ದ ಆ ಸಣ್ಣದನ್ನೇ ಹಿಡಿದು ಹೊರಗೆ ನಡೆದ. ಶಹಾಪುರದ ಆ ಗದ್ದಲದ ರಸ್ತೆ ದಾಟಿ, ಬೇವಿನ ಮರದ ಮರೆಯಲ್ಲಿ ನಿಂತು ಜೂಮ್ ಮಾಡಿದ. ಮಾವ ಹೋದನೆಂದು ಅವ್ವ ಸೆರಗು ಹಿಂದೆ ಸರಿಸಿ, ರೇವತಿಯ ಕೈ ಹಿಡಿದು ಏನೋ ಹೇಳುತ್ತ ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವನು ಆ ಮುಖ ಕಂಡ.

ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದ.

“ಈ ಸಣ್ಣದೇ ಇರ್ಲಿ ಅಂತ ಅಂಗಡಿಯವಗ ಹೇಳು. ನಾ ಈಗ್ಲೇ ಒಳಗ ಬರಂಗಿಲ್ಲ. ಅವ್ವ ಇನ್ನೊಂಚೂರು ನಗ್ಲಿ.”