ಟೆಂಟಿನ ಹೊಲಿಗೆ

ಸೋರುತ್ತದೆಂದು ವಾರದ ಹಿಂದೆ ಹೊಲಿಸಿಕೊಂಡು ಹೋಗಿದ್ದ ಟೆಂಟನ್ನು ರಾಧಿಕಾ ಮತ್ತೆ ತಂದು ಅಂಗಡಿಯ ಕಟ್ಟೆಯ ಮೇಲಿಟ್ಟಾಗ ಮಷೀನು ತುಳಿಯುತ್ತಿದ್ದ ಭುವನೇಶ್ವರಿಯ ಕಾಲು ನಿಂತುಬಿಟ್ಟಿತು. ನಾರಾಯಣಪೇಟೆಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಳು. ಹೊಲಿಗೆ ಸರಿಯಿಲ್ಲವೆಂದು ಯಾರೂ ತಿರುಗಿ ಬಂದದ್ದಿಲ್ಲ.

ರಾಧಿಕಾ ಬಯ್ಯಲಿಲ್ಲ. ಕಾಲೇಜಿನ ಪರವಾಗಿ ಜೂರಾಲ ಅಣೆಕಟ್ಟಿನ ಹಿನ್ನೀರಿನಲ್ಲಿ ಹಕ್ಕಿ ಎಣಿಸುವ ಹುಡುಗಿ ಅವಳು. ಹಿಂದಿನ ಸಲ ಅಕಾಲದ ಮಳೆಗೆ ಟೆಂಟು ಸೋರಿ, ಬರೆದಿಟ್ಟ ಲೆಕ್ಕವೆಲ್ಲ ನೆಂದು ಮುದ್ದೆಯಾಗಿತ್ತು. ಅದಕ್ಕೇ ಈಗ ಮೊದಲೇ ನೀರು ಹಾಕಿ ನೋಡಿದಳಂತೆ. ಮುಂಚೆ ಒಂದು ಕಡೆ ಸೋರುತ್ತಿದ್ದದ್ದು ಈಗ ಹೊಲಿಗೆಯುದ್ದಕ್ಕೂ ಸೋರಿತಂತೆ. ಬರುವ ಶನಿವಾರ ಮತ್ತೆ ಹೋಗಬೇಕು, ಬೇರೆ ಟೆಂಟಿಲ್ಲ.

"ಹೊಲಿಗಿ ಬಿಚ್ಚೈತೇನು?"

"ಬಿಚ್ಚಿಲ್ಲಕ್ಕಾ. ಗಟ್ಟಿ ಐತಿ. ಆದ್ರೂ ಸೋರತೈತಿ."

ಗಟ್ಟಿಯಿದ್ದೂ ಸೋರುವುದು ಎಂದರೇನು? ಭುವನೇಶ್ವರಿಗೆ ಅವಮಾನಕ್ಕಿಂತ ಹೆಚ್ಚಾಗಿ ಅದೇ ಕೊರೆಯತೊಡಗಿತು. ಎರಡು ದಿನ ಬಿಟ್ಟು ಬಾ ಎಂದು ಹುಡುಗಿಯನ್ನು ಕಳಿಸಿ, ಮಧ್ಯಾಹ್ನವೇ ಅಂಗಡಿ ಮುಚ್ಚಿ, ಮನೆಯ ಮಾಳಿಗೆಯ ಮೇಲೆ ಟೆಂಟು ನಿಲ್ಲಿಸಿದಳು. ತಾನು ಒಳಗೆ ಕೂತು ಬಾಗಿಲಿನ ಜಿಪ್ಪು ಎಳೆದುಕೊಂಡು, ಗಂಡ ಕರಿಬಸಯ್ಯನಿಗೆ ಮೇಲಿಂದ ಕೊಡ ಕೊಡ ನೀರು ಸುರಿಯಲು ಹೇಳಿದಳು. ಪಕ್ಕದ ಮಾಳಿಗೆಯವರು ನೋಡಿ ಏನಂದುಕೊಂಡಾರು ಎಂದು ಗೊಣಗುತ್ತಲೇ ಅವನು ಸುರಿದ.

ನೀರು ಬೀಳುವ ಮೊದಲೇ ಅವಳಿಗೆ ಕಾರಣ ಕಂಡಿತು. ನೆತ್ತಿಯ ಮೇಲಿನ ಬಿಸಿಲು ಬಟ್ಟೆಯ ಮೂಲಕ ಹಸಿರಾಗಿ ಇಳಿಯುತ್ತಿತ್ತು, ಹೊಲಿಗೆಯ ಸಾಲಿನಲ್ಲಿ ಮಾತ್ರ ಬೆಳ್ಳಗೆ, ಸಾಸಿವೆಯಷ್ಟು ಸಣ್ಣ ಚುಕ್ಕೆಗಳು. ಸೂಜಿ ಇಳಿದಲ್ಲೆಲ್ಲ ಒಂದು ತೂತು. ಗಟ್ಟಿಯಾಗಲಿ ಎಂದು ಅವಳು ಒತ್ತೊತ್ತಾಗಿ ಎರಡು ಸಾಲು ಹಾಕಿದ್ದಳು. ಮರುಕ್ಷಣ ಪ್ರತಿ ಚುಕ್ಕೆಯಲ್ಲೂ ಒಂದೊಂದು ಹನಿ ಮೂಡಿ, ತೂಗಿ, ಅವಳ ತೊಡೆಯ ಮೇಲೆ ಬಿತ್ತು.

ಮರುದಿನ ಬಸ್ಸು ಹತ್ತಿ ಮಕ್ತಲ್‌ಗೆ ಹೋದಳು. ಅಲ್ಲಿ ಕೊಡೆ, ರೇನ್‌ಕೋಟು ರಿಪೇರಿ ಮಾಡುವ ತಾಯಣ್ಣನ ಮುಂದೆ ಟೆಂಟು ಬಿಚ್ಚಿಟ್ಟಳು. ಅವನು ಒಳಬದಿಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ನೀರಿಳಿಯದಂತೆ ಹೊಲಿಗೆಯ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ, ಇದು ಹಸಿಯಿದ್ದಾಗಲೇ ಮಡಚಿಟ್ಟಿದ್ದಕ್ಕೆ ಎದ್ದುಹೋಗಿದೆ ಎಂದ. ಇನ್ನು ಸೂಜಿ ಮುಟ್ಟಿಸಬೇಡ ಎಂದು ಒಂದು ಟ್ಯೂಬು ಅಂಟು ಕೊಟ್ಟ. ಅವಳು ಅದನ್ನು ಹೊಲಿಗೆಯ ಮೇಲೆ ಬೆರಳಿನಿಂದ ತೆಳ್ಳಗೆ ಸವರಿ, ಒಂದು ದಿನ ನೆರಳಲ್ಲಿ ಒಣಗಿಸಿದಳು. ಕರಿಬಸಯ್ಯ ಮತ್ತೆ ನೀರು ಸುರಿದ. ಈ ಸಲ ಒಂದು ಹನಿಯೂ ಒಳಗಿಳಿಯಲಿಲ್ಲ.

ರಾಧಿಕಾ ಬಂದಾಗ ಭುವನೇಶ್ವರಿ ಏನನ್ನೂ ಮುಚ್ಚಿಡಲಿಲ್ಲ. ತಾನು ಹೊಲಿದದ್ದೇ ತೂತಾಯಿತೆಂದು ಹೇಳಿದಳು. ಆಮೇಲೆ ಕೇಳಿದಳು:

"ನೀನು ಹಸಿ ಸೀರಿ ಮಡಚಿ ಪೆಟ್ಟಿಗ್ಯಾಗ ಇಡ್ತಿಯೇನವ್ವಾ? ಇದನ್ಯಾಕ ಇಟ್ಟಿ?"

ನಾಲ್ಕು ತಿಂಗಳು ಅಟ್ಟದ ಮೇಲೆ ಹಾಗೇ ಬಿಸಾಕಿದ್ದೆ ಎಂದು ರಾಧಿಕಾ ಒಪ್ಪಿಕೊಂಡಳು. ಕೊಳ್ಳುವಾಗಲೂ ಫೋನಿನಲ್ಲಿ ಬಣ್ಣ ನೋಡಿ ಕೊಂಡಿದ್ದಳಂತೆ, ಮಳೆಗೆ ತಡೆಯುತ್ತದೆಯೇ ಎಂದು ಓದಿಯೂ ಇರಲಿಲ್ಲವಂತೆ. ಇಬ್ಬರೂ ನಕ್ಕರು. ಅಷ್ಟಾದರೂ ಭುವನೇಶ್ವರಿ ಟೆಂಟನ್ನು ಕೈಬಿಡಲಿಲ್ಲ. ಕೊಡದ ನೀರು ಬೇರೆ, ಹೊಳೆದಂಡೆಯ ರಾತ್ರಿ ಬೇರೆ, ತಾನೂ ಬರುತ್ತೇನೆ ಎಂದಳು. ಮದುವೆಮನೆ ಬಿಟ್ಟರೆ ಹೊರಗೆಲ್ಲೂ ಮಲಗದ ಹೆಂಡತಿಯನ್ನು ಕರಿಬಸಯ್ಯ ಬೆರಗಾಗಿ ನೋಡಿದ.

"ಹೊಲಿದಾಕಿ ನಾನು. ಒಳಗ ಮಲಗಿ ನೋಡದ ಹೆಂಗ ಕೊಡ್ಲಿ?" ಎಂದಳು.

ಜೂರಾಲದ ಹಿನ್ನೀರಿನ ದಂಡೆಯಲ್ಲಿ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಹಣೆಯ ಮೇಲೆ ಒಂದು ಹನಿ ಬಿದ್ದು ಭುವನೇಶ್ವರಿಗೆ ಎಚ್ಚರವಾಯಿತು. ಕೈಯೆತ್ತಿ ಹೊಲಿಗೆ ಮುಟ್ಟಿದಳು. ಒದ್ದೆ. ಪಕ್ಕದ ಬಟ್ಟೆಯೂ ಒದ್ದೆ. ಜಿಪ್ಪು ಎಳೆದು ಹೊರಗೆ ಇಣುಕಿದರೆ ಆಕಾಶದಲ್ಲಿ ಒಂದು ಮೋಡವಿಲ್ಲ, ನೆಲದಲ್ಲಿ ಒಣ ದೂಳು. ದೂರದ ನೀರಿನಲ್ಲಿ ಬಾತುಗಳು ಆಗಲೇ ಇಳಿದಿದ್ದವು.

ಅವಳು ರಾಧಿಕಾಳನ್ನು ಎಬ್ಬಿಸಿದಳು. ಹುಡುಗಿ ಮಲಗಿದಲ್ಲಿಂದಲೇ ಬಟ್ಟೆಯ ಮೇಲೆ ಒಂದು ಬೆರಳೆಳೆದು ನೋಡಿದಳು.

"ನಿನ್ನ ಹೊಲಿಗಿ ಸೋರಿಲ್ಲಕ್ಕಾ. ಇದು ಹೊರಗಿನ ನೀರಲ್ಲ. ಚಳಿ ಅಂತ ಮ್ಯಾಲಿನ ಕಿಂಡಿ ಎಲ್ಲಾ ಮುಚ್ಚಿದ್ವಲ್ಲ, ಇದು ನಮ್ಮಿಬ್ಬರ ಉಸಿರು."

ಬೆಳಕು ಬಂದಂತೆ ನಾಲ್ಕೂ ಕಡೆ ಹನಿಗಳು ಕಾಣತೊಡಗಿದವು, ಒಂದೊಂದೂ ತುಂಬಿ, ಜಾರಿ, ಇನ್ನೊಂದನ್ನು ಸೇರಿ ಕೆಳಗಿಳಿಯುತ್ತಿದ್ದವು. ಭುವನೇಶ್ವರಿ ಸೆರಗಿನ ತುದಿಯಿಂದ ಒಂದು ಮಗ್ಗುಲು ಒರೆಸಿ ಹಿಂಡಿದಳು. ಅಂಗೈಯಲ್ಲಿ ನೀರು ನಿಂತಿತು. ಅದನ್ನು ರಾಧಿಕಾಳ ಮುಂದೆ ಹಿಡಿದಳು.

"ಒಂದ ರಾತ್ರಿಗೆ ಇಷ್ಟು," ಎಂದಳು. "ನಮ್ಮ ಮನ್ಯಾಗ ಅವರೂ ನಾನೂ ಮೂವತ್ತು ವರ್ಷ ಉಸಿರಾಡೀವಿ. ಅದೆಲ್ಲಾ ಎಲ್ಲಿಗೆ ಹೋತವ್ವಾ?"