ಎತ್ತಿದ ಕೈ

"ಬದುಕು ಬೇಡ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದೆಯೇ? ಹೆದರದೆ ಕೈ ಎತ್ತಿ," ಎಂದು ಜಿಲ್ಲೆಯಿಂದ ಬಂದ ಅಧಿಕಾರಿ ಮೈಕಿನಲ್ಲಿ ತೆಲುಗಿನಲ್ಲಿ ಕೇಳಿದರು. ಕರ್ನಾಟಕದ ಗಡಿಗೆ ಅಂಟಿದ ತೆಲಂಗಾಣದ ಜಹೀರಾಬಾದಿನ ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಆತ್ಮಹತ್ಯೆ ತಡೆ ಸಪ್ತಾಹದ ಉದ್ಘಾಟನೆ. ಹಿಂದಿನ ಸಾಲಿನಿಂದ ಪೂರ್ಣಿಮಾ ಕೈ ಎತ್ತಿದಳು. ಅವಳೊಬ್ಬಳೇ.

ಅಧಿಕಾರಿ ತಬ್ಬಿಬ್ಬಾದರು. ಬರೆದು ತಂದ ಭಾಷಣದಲ್ಲಿ ಮುಂದಿನ ಮಾತು 'ಯಾರೂ ಇಲ್ಲ, ಬಹಳ ಸಂತೋಷ' ಎಂದಿತ್ತು. ಅದನ್ನೇ ಓದಿದರು. ಚಪ್ಪಾಳೆ ಬಿತ್ತು.

ಕೈ ಎತ್ತುವಾಗ ಪೂರ್ಣಿಮಾಳ ಎದೆ ಹಗುರಾಗಿತ್ತು. ಅಂಕ ಕಡಿಮೆಯೆಂದು ಅವಳನ್ನು ಕೊನೆಯ ಸೆಕ್ಷನ್ನಿಗೆ ಹಾಕಿದ್ದರು. ಊಟದ ಸರದಿಯಲ್ಲೂ ಆ ಸೆಕ್ಷನ್ನೇ ಕೊನೆ. "ಕುರಿ ಮೇಯಿಸಲು ಇಷ್ಟು ಫಿಸಿಕ್ಸ್ ಸಾಕು" ಎಂದು ಮೇಷ್ಟ್ರು ಇಡೀ ತರಗತಿಯನ್ನು ನಗಿಸಿದ್ದರು. ಯಾರಾದರೂ ಕೇಳಲಿ ಎಂದು ಕಾದವಳನ್ನು ಇವತ್ತು ಸರ್ಕಾರವೇ ಕೇಳಿತ್ತು.

ಕಾಲೇಜಿನಿಂದ ಕೂಡಲೇ ಅವಳ ಮನೆಗೆ ಫೋನು ಹೋಯಿತು. ನಾರಾಯಣಖೇಡದ ಕಡೆಯ ಹಳ್ಳಿಯಲ್ಲಿ ತಾಯಿ ಪೀರಮ್ಮ ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಬಸ್ಸು ಹತ್ತಿದಳು. ಅವಳು ಬಂದಾಗ ಅಧಿಕಾರಿ ಊಟಕ್ಕೆ ಕೂತಿದ್ದರು.

"ಈಕಿ ಮನಸು ಇಲ್ಲಿ ನಿಲ್ಲವಲ್ದಮ್ಮ. ಟಿ.ಸಿ. ಕೊಡ್ತೀವಿ, ಕರಕೊಂಡು ಹೋಗ್ರಿ," ಎಂದರು ಪ್ರಿನ್ಸಿಪಾಲ್ ಅಂಬರೀಶ. ಗುಮಾಸ್ತನ ಕಡೆ ತಿರುಗಿ, "ನಿನ್ನಿ ತಾರೀಖು ಹಾಕು. ಇವತ್ತು ಎತ್ತಿದ ಕೈ ನಮ್ದಲ್ಲ," ಎಂದರು.

"ನನ್ನ ಮಗಳು ಏನ್ ತಪ್ಪು ಮಾಡ್ಯಾಳ್ರಿ?"

"ತಪ್ಪೇನಿಲ್ಲ. ನಾಳೆ ಏನಾರ ಆದ್ರ ಕಾಲೇಜು ಮುಚ್ಚಸ್ತಾರ. ಮಕ್ಕಳನ್ನ ಉಳಸೋ ಕಾಯ್ದೆ ಭಾಳ ಬಿಗಿ ಅದ."

"ಮಕ್ಕಳ ಮನಸಿನ ಮಾತು ಕೇಳಾಕ ಮೇಡಂ ಬಂದಾರಂತಲ್ರಿ. ಈಕಿ ಜೋಡಿ ಒಂದೀಟು ಮಾತಾಡ್ಲಿ."

"ಆ ಮೇಡಂ ನಮ್ಮ ವಿದ್ಯಾರ್ಥಿಗಳಿಗಷ್ಟೇ, ಅಮ್ಮ."

ಪೀರಮ್ಮ ಮಗಳನ್ನು ಕರೆದುಕೊಂಡು ಹೊರಬಂದಳು. ವರಾಂಡದ ನಡುವೆಯೇ ಚಕ್ಕಳಮಕ್ಕಳ ಹಾಕಿ ಕೂತು, ಅವಳನ್ನೂ ಕೂಡಿಸಿಕೊಂಡಳು. "ನಾ ಕೇಳ್ತೀನಿ. ಹೇಳವ್ವ."

ಪೂರ್ಣಿಮಾ ಮೊದಲು ಅತ್ತಳು. ಆಮೇಲೆ ಹೇಳತೊಡಗಿದಳು. ಪೀರಮ್ಮ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ, ಹೂಂಗುಟ್ಟುತ್ತ ಕೂತಳು.

ಪ್ರಿನ್ಸಿಪಾಲರು ಓಡಿಬಂದರು. "ಇಲ್ಲಿ ಬ್ಯಾಡ್ರಮ್ಮ! ಸಾಹೇಬ್ರು ಊಟ ಮುಗಿಸಿ ಇದೇ ದಾರಿಲೆ ಬರ್ತಾರ!"

ಪೀರಮ್ಮ ಮಗಳನ್ನು ಬಿಡದೆ ತುಸು ಸರಿದು, ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿದಳು.

"ಬರ್ಲಿ. ಅವ್ರೂ ಕುಂತು ಕೇಳ್ಲಿ."